ಒಂದು ನಿಮಿಷವೂ ಕಾಯದ ರೋಗಿ

2005ರಲ್ಲಿ ನಾನು ಕಾರವಾರದ ಒಂದು ಖಾಸಗಿ ಆಸ್ಪತ್ರೆಯ ಕ್ಯಾಶುವಾಲ್ಟಿಯಲ್ಲಿ ಸಿಸ್ಟರ್ ಇನ್‌ಚಾರ್ಜ್ ಆಗಿದ್ದೆ. ಅಂಕೋಲೆಯ ಮನೆಯಿಂದ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಆಸ್ಪತ್ರೆಯ ಹೆಸರು ಬೇಡ. ಅದು ಮುಚ್ಚಿ ವರ್ಷಗಳಾದವು, ಮುಚ್ಚಿದ್ದಕ್ಕೆ ನನಗೆ ದುಃಖವೂ ಇಲ್ಲ.

ಕ್ಯಾಶುವಾಲ್ಟಿ ಎಂದರೆ ತುರ್ತು ಚಿಕಿತ್ಸೆಯ ಕೋಣೆ. ನಮ್ಮಲ್ಲಿ ಅದು ನಾಲ್ಕು ಹಾಸಿಗೆಯದು, ಹೊರಗೆ ಫ್ಯಾನಿನ ಕೆಳಗೆ ಒಂದು ಉದ್ದ ಬೆಂಚು. ಯಾರನ್ನು ಮೊದಲು ನೋಡಬೇಕು ಎಂಬುದಕ್ಕೆ ಪುಸ್ತಕದಲ್ಲಿ ನಿಯಮವಿದೆ: ಯಾರ ಜೀವಕ್ಕೆ ಹೆಚ್ಚು ಅಪಾಯವೋ ಅವರು ಮೊದಲು. ನಮ್ಮಲ್ಲಿ ನಡೆಯುತ್ತಿದ್ದ ನಿಯಮ ಬೇರೆ. ಯಾರ ಜೊತೆ ಹೆಚ್ಚು ಜನ ಬಂದಿದ್ದಾರೋ ಅವರು ಮೊದಲು. ಹಿಂದಿನ ತಿಂಗಳಷ್ಟೇ ಒಬ್ಬ ರೋಗಿಯ ಕಡೆಯವರು ಕಾಯಿಸಿದಿರಿ ಎಂದು ಔಷಧದ ಕಪಾಟಿನ ಗಾಜು ಪುಡಿ ಮಾಡಿ ಹೋಗಿದ್ದರು. ಆಮೇಲೆ ಮಾಲೀಕರು ನಮ್ಮನ್ನೆಲ್ಲ ಕರೆಸಿ, ಬಂದವರು ಸಂತೋಷವಾಗಿ ಹೋಗಬೇಕು, ಉಳಿದದ್ದು ಆಮೇಲೆ ಎಂದು ಪಾಠ ಹೇಳಿದ್ದರು. ಬಂದವರು ಬದುಕಿ ಹೋಗಬೇಕು ಎಂದು ಹೇಳುವುದನ್ನು ಅವರು ಮರೆತಿರಬೇಕು.

ಆಗ 108 ಆಂಬುಲೆನ್ಸ್ ಇನ್ನೂ ಬಂದಿರಲಿಲ್ಲ. ನಮಗಿದ್ದದ್ದು ಒಂದೇ ಗಾಡಿ. ಉಸಿರಾಟ ನಡೆಸುವ ವೆಂಟಿಲೇಟರ್ ಯಂತ್ರ ನಮ್ಮಲ್ಲಿರಲಿಲ್ಲ. ಅಂಥ ಕೇಸುಗಳನ್ನು ಆಮ್ಲಜನಕ ಹಾಕಿ ಗೋವಾಕ್ಕೆ ಕಳಿಸುತ್ತಿದ್ದೆವು. ಕಾರವಾರದವರಿಗೆ ಗೋವಾದ ಮೇಲೆ ಇರುವ ನಂಬಿಕೆ ದೇವರ ಮೇಲೂ ಇಲ್ಲ. ಗಡಿ ದಾಟಿಸಿದರೆ ಸಾಕು, ಸತ್ತವನೂ ಎದ್ದು ಕೂರುತ್ತಾನೆ ಎಂಬ ಹಾಗೆ.

ಮಳೆ ಬಿಟ್ಟು ಭತ್ತದ ಕೊಯ್ಲು ನಡೆದಿದ್ದ ಒಂದು ಮಧ್ಯಾಹ್ನ ಸದಾಶಿವಗಡದ ಕಡೆಯಿಂದ ಮೂರು ಸುಮೋಗಳು ಹಾರ್ನ್ ಹೊಡೆಯುತ್ತ ಬಂದವು. ತಂದದ್ದು ಮರಳಿನ ಕಾಂಟ್ರಾಕ್ಟರ್ ಮೋಹನ ಸಾವಕಾರರನ್ನು. ಊಟ ಮಾಡಿ ಕೈ ತೊಳೆಯಲು ಎದ್ದವರು ಅಲ್ಲೇ ಬಿದ್ದಿದ್ದರಂತೆ. ಮೈ ತಣ್ಣಗಾಗಿತ್ತು, ಕಣ್ಣಿನ ಪಾಪೆ ಅಗಲವಾಗಿ ನಿಂತಿತ್ತು, ಇಸಿಜಿಯಲ್ಲಿ ಬಂದದ್ದು ನೇರ ಗೆರೆ. ನಮ್ಮ ಡ್ಯೂಟಿ ಡಾಕ್ಟರು ಎಂಬಿಬಿಎಸ್ ಮುಗಿಸಿ ಹೆಚ್ಚು ಕಾಲವಾಗಿರದ ಹುಡುಗ, ಒಳ್ಳೆಯವನೇ. ಅವರು ನನ್ನ ಕಡೆ ಬಗ್ಗಿ ಪಿಸುಗುಟ್ಟಿದರು:

“ಸಿಸ್ಟರ್, ಇವರು ಹೋಗಿ ತುಂಬ ಹೊತ್ತಾಗಿದೆ. ಆದರೆ ಈಗ ಹಾಗಂದರೆ ನಾವಿಬ್ಬರೂ ಇಲ್ಲಿಂದ ಹೊರಗೆ ಹೋಗೋದಿಲ್ಲ.”

ಹೇಳಲಿಲ್ಲ. ಹೆಣದ ಎದೆ ಒತ್ತಲು ಶುರುಮಾಡಿದರು. ಕೋಣೆಯ ತುಂಬ ಸಾವಕಾರರ ಜನ. ಖಾಲಿ ಹಾಸಿಗೆಗಳ ಮೇಲೂ ಅವರೇ ಕೂತಿದ್ದರು. ಪಕ್ಕೆಲುಬು ಮುರಿದ ಸದ್ದು ನನಗೆ ಕೇಳಿಸಿತು. ಜನರಿಗೆ ಕೇಳಿಸಿದ್ದು ಡಾಕ್ಟರ ಏದುಸಿರು ಮಾತ್ರ. ಎಷ್ಟು ಕಷ್ಟಪಡುತ್ತಿದ್ದಾರೆ ನೋಡಿ ಎಂದು ಒಬ್ಬರು ಮೆಚ್ಚಿಕೊಂಡರು. ಹೀಗೆ ಮುಕ್ಕಾಲು ಗಂಟೆ ನಡೆಯಿತು.

ನಡುವೆ ಇಂಜೆಕ್ಷನ್ ತರಲು ಹೊರಗೆ ಬಂದಾಗ ಬೆಂಚಿನ ತುದಿಯಲ್ಲಿ ಒಬ್ಬ ಹೆಂಗಸು ಗಂಡನ ಹೆಗಲಿಗೆ ತಲೆಯಿಟ್ಟು ಕಣ್ಣುಮುಚ್ಚಿ ಕೂತಿದ್ದಳು. ಪಾದಕ್ಕೆ ಬಟ್ಟೆ ಬಿಗಿದಿತ್ತು. ಗಂಡನ ಹೆಸರು ದೇವು, ಅವಳು ಹೊನ್ನಿ. ಅಂಕೋಲೆ ಕಡೆಯವರು, ಕಾರವಾರದ ಹತ್ತಿರದ ಕಿನ್ನರದಲ್ಲಿ ಕೊಯ್ಲಿನ ಕೆಲಸಕ್ಕೆ ಬಂದವರು. ಗದ್ದೆಯ ಹಾಳಿಯ, ಅಂದರೆ ಬದುವಿನ ಮೇಲೆ ನಾಗರಹಾವು ಕಚ್ಚಿದ ಮೇಲೆ ಬಸ್ಸು ಹಿಡಿದು ಬಂದಿದ್ದರು. ಒಳಗೆ ದೊಡ್ಡ ಕೇಸಿದೆ, ಕೂತಿರಿ ಎಂದು ವಾಚ್‌ಮನ್ ಹೇಳಿದ್ದಕ್ಕೆ ಕೂತಿದ್ದರು. ಏಕೆ ಕೂಗಿ ಕರೆಯಲಿಲ್ಲ ಎಂದು ನಾನು ಗದರಿಸಿದೆ.

“ಅಡ್ಡಿಲ್ಲ ಬಾಯೋರೆ,” ಅಂದ ದೇವು. “ದೊಡ್ಡೋರದು ಮೊದ್ಲ ಆಗ್ಲಿ. ಇವ್ಳಿಗೆ ಸ್ವಲ್ಪ ನಿದ್ದೆ ಬಂದದೆ.”

ನಿದ್ದೆಯಲ್ಲ. ನಾಗರಹಾವಿನ ವಿಷ ನರಗಳನ್ನು ಹಿಡಿಯುತ್ತದೆ. ಮೊದಲು ರೆಪ್ಪೆ ಜೋತುಬೀಳುತ್ತದೆ, ಆಮೇಲೆ ನಾಲಿಗೆ, ಕೊನೆಗೆ ಉಸಿರು. ನಾನು ಹೆಸರು ಕೇಳಿದರೆ ಹೊನ್ನಿಯ ತುಟಿ ಅಲುಗಿತು, ಮಾತು ಬರಲಿಲ್ಲ, ಜೊಲ್ಲು ಇಳಿಯಿತು. ಅವಳು ಎಲ್ಲವನ್ನೂ ಕೇಳುತ್ತಿದ್ದಳು. ಕೂಗಬೇಕೆಂದರೂ ಅವಳಿಂದ ಆಗುತ್ತಿರಲಿಲ್ಲ.

ಹಾಸಿಗೆಯ ಮೇಲಿದ್ದ ಇಬ್ಬರನ್ನು ಎಬ್ಬಿಸಿ ಅವಳನ್ನು ಮಲಗಿಸಿದೆ. ಡಾಕ್ಟರು ಎದೆ ಒತ್ತುತ್ತಲೇ ಅವಳ ಕಡೆ ನೋಡಿ ಎಎಸ್‌ವಿ, ಅಂದರೆ ಹಾವಿನ ವಿಷದ ಔಷಧ, ಹಾಕಲು ಹೇಳಿದರು. ಹಾಕಿದೆ. ಆದರೆ ಅದು ಕೆಲಸ ಮಾಡುವವರೆಗೆ ಉಸಿರು ನಡೆಯಬೇಕು. ಹೊನ್ನಿಗೆ ಗಂಟಲಲ್ಲಿ ಕೊಳವೆ ಬೇಕಿತ್ತು, ವೆಂಟಿಲೇಟರ್ ಬೇಕಿತ್ತು. ಅಷ್ಟು ಸಿಕ್ಕರೆ ನಾಲ್ಕಾರು ದಿನಕ್ಕೆ ಎದ್ದು ನಡೆದು ಹೋಗುವಂಥ ಕೇಸು ಅದು.

ಅಷ್ಟರಲ್ಲಿ ಸಾವಕಾರರ ಜನ, ಗೋವಾಕ್ಕೆ ಒಯ್ಯಿರಿ, ಡಾಕ್ಟರೂ ಜೊತೆಗೆ ಬರಲಿ ಎಂದು ಹಟ ಹಿಡಿದರು. ಆಂಬುಲೆನ್ಸ್ ಬಾಗಿಲಿಗೆ ಬಂತು. ಬದುಕಿರುವವಳಿಗೆ ಈ ಗಾಡಿ ಬೇಕು ಎಂದು ನಾನು ಅಡ್ಡ ನಿಂತೆ. ಸಾವಕಾರರ ತಮ್ಮ ನನ್ನ ಮುಖಕ್ಕೆ ಮುಖ ತಂದ.

“ಅಂದ್ರೆ ನಮ್ಮಣ್ಣ ಸತ್ತಾರೆ ಹೇಳ್ತಿರಿ ನೀವು?”

ನಾನು, ಹೌದು, ಡಾಕ್ಟರನ್ನೇ ಕೇಳಿ ಎಂದೆ. ಎಲ್ಲರೂ ಡಾಕ್ಟರ ಕಡೆ ತಿರುಗಿದರು. ಅವರು ನೆಲ ನೋಡಿಕೊಂಡು, “ಇನ್ನೂ ಪ್ರಯತ್ನ ನಡೀತಾ ಇದೆ” ಎಂದರು. ಹೆಣಕ್ಕೆ ಆಮ್ಲಜನಕದ ಮಾಸ್ಕ್ ಕಟ್ಟಿ, ಸೈರನ್ ಹಾಕಿಕೊಂಡು ಆಂಬುಲೆನ್ಸ್ ಕಾಳಿ ಸೇತುವೆಯ ಕಡೆ ಹೋಯಿತು. ಮೂರು ಸುಮೋಗಳಲ್ಲಿ ಒಂದನ್ನಾದರೂ ಬಿಟ್ಟುಹೋಗಿ ಎಂದು ಕೈಮುಗಿದೆ. ಯಾರೂ ಬಿಡಲಿಲ್ಲ.

ಆಪರೇಷನ್ ಥಿಯೇಟರಿನಲ್ಲಿದ್ದ ಅಂಬು ಬ್ಯಾಗ್ ತರಿಸಿದೆ. ಅದು ಮುಖಕ್ಕೆ ಹಿಡಿದು ಕೈಯಿಂದ ಹಿಚುಕಿ ಉಸಿರು ಕೊಡುವ ರಬ್ಬರಿನ ಚೀಲ. ಹಿಚುಕುತ್ತಲೇ ಫೋನ್ ಮಾಡಿಸಿದೆ. ಕೊಳವೆ ಹಾಕಬಲ್ಲ ಬೇರೆ ಡಾಕ್ಟರು ಸರ್ಕಾರಿ ಆಸ್ಪತ್ರೆಯಲ್ಲೂ ಸಿಗಲಿಲ್ಲ, ಬೇರೆ ಆಂಬುಲೆನ್ಸ್ ಒಂದು ಹೆರಿಗೆಯ ಕೇಸು ತೆಗೆದುಕೊಂಡು ಮಣಿಪಾಲಕ್ಕೆ ಹೋಗಿತ್ತು. ಬಹಳ ಹೊತ್ತಿನ ಮೇಲೆ ಸಿಕ್ಕಿದ್ದು ಬಂದರಿನಿಂದ ಬಂದ ಮೀನಿನ ಟೆಂಪೋ. ಮೀನಿನ ನೀರು ಇಳಿಯುತ್ತಿದ್ದ ಆ ಹಲಗೆಯ ಮೇಲೆ ಹೊನ್ನಿಯನ್ನು ಮಲಗಿಸಿ, ಔಷಧದ ಬಾಟಲಿಯನ್ನು ದೇವುವಿನ ಕೈಗೆ ಕೊಟ್ಟು ಹೊರಟೆವು. ಗುಂಡಿ ಬಂದಾಗಲೆಲ್ಲ ಮಾಸ್ಕ್ ಜಾರುತ್ತಿತ್ತು. ಅವಳ ತುಟಿ ನೀಲಿಯಾಗುತ್ತ ಬಂತು.

ಗೋವಾ ಗಡಿಯ ಮಾಜಾಳಿ ಚೆಕ್‌ಪೋಸ್ಟಿನಲ್ಲಿ ಎದುರಿನಿಂದ ನಮ್ಮ ಆಂಬುಲೆನ್ಸೇ ಬಂತು, ಸೈರನ್ ಇಲ್ಲದೆ. ಗಡಿ ದಾಟಿದ ಮೇಲೆ ಸಿಕ್ಕಿದ ಮೊದಲ ಆಸ್ಪತ್ರೆಯ ಡಾಕ್ಟರು ಒಮ್ಮೆ ನೋಡಿ, ಇವರು ಯಾವಾಗಲೋ ಹೋಗಿದ್ದಾರೆ ಎಂದು ಕಳಿಸಿದ್ದರು. ಗೋವಾದವರು ಹೇಳಿದ್ದರಿಂದ ಎಲ್ಲರೂ ಒಪ್ಪಿದ್ದರು. ನಾನು ಇಳಿದು ಓಡಿದೆ. ದೇಹವನ್ನು ಸುಮೋದಲ್ಲಿ ಒಯ್ಯಿರಿ, ಗಾಡಿ ಕೊಡಿ ಎಂದು ಬೇಡಿಕೊಂಡೆ. ಸಾವಕಾರರ ತಮ್ಮ ಅಳುತ್ತಿದ್ದ. ಅಳುತ್ತಲೇ ಹೇಳಿದ:

“ಸುಮೋದಾಗೆ ಕಾಲು ಮಡಚಬೇಕಾಗ್ತದೆ. ಅಣ್ಣನ್ನ ಹಂಗೆ ಒಯ್ಯೂದಿಲ್ಲ.”

ಡಾಕ್ಟರು ಮಾತ್ರ ಇಳಿದು ಬಂದರು, ಆಂಬುಲೆನ್ಸಿನಲ್ಲಿದ್ದ ಕೊಳವೆ ಹಾಕುವ ಸಾಮಾನು ಹಿಡಿದುಕೊಂಡು. ಅವರು ಟೆಂಪೋ ಹತ್ತುವಷ್ಟರಲ್ಲಿ ಹೊನ್ನಿಯ ನಾಡಿ ನಿಂತಿತ್ತು. ಕೊಳವೆ ಹಾಕಿದರು, ಮೀನಿನ ಹಲಗೆಯ ಮೇಲೆ ಮೊಣಕಾಲೂರಿ ಎದೆ ಒತ್ತಿದರು. ಆ ದಿನ ಎರಡನೆಯ ಸಲ. ಈ ಸಲ ನಿಜವಾಗಿ ಒತ್ತುತ್ತಿದ್ದರು, ತೋಳುಗಳಲ್ಲಿ ಮಾತ್ರ ಶಕ್ತಿ ಉಳಿದಿರಲಿಲ್ಲ. ನಾನೂ ಒತ್ತಿದೆ. ಆಮೇಲೆ ನಿಲ್ಲಿಸಿದೆವು. ಸಾವಕಾರರ ಹೆಣಕ್ಕೆ ಸಿಕ್ಕಷ್ಟು ಹೊತ್ತು ಅವಳಿಗೆ ಸಿಗಲಿಲ್ಲ. ಅಲ್ಲಿ ನಾವು ಯಾರಿಗೂ ಹೆದರಬೇಕಾಗಿರಲಿಲ್ಲವಲ್ಲ.

ದೇವು ಬಾಟಲಿಯನ್ನು ಇನ್ನೂ ಎತ್ತಿ ಹಿಡಿದೇ ಇದ್ದ. ಅದನ್ನು ಇಳಿಸಬಹುದು ಎಂದು ನಾನೇ ಹೇಳಬೇಕಾಯಿತು.

ಸಾವಕಾರರ ಹದಿಮೂರನೆಯ ದಿನ ಕಳೆದ ಮೇಲೆ ಅವರ ತಮ್ಮ ಬಂದು ಆಸ್ಪತ್ರೆಯವರಿಗೆ ಸನ್ಮಾನ ಮಾಡಿದ. ಶಾಲು, ಹಾರ, ಹಣ್ಣಿನ ಬುಟ್ಟಿ. ಡಾಕ್ಟರು ಅಷ್ಟರಲ್ಲಿ ರಾಜೀನಾಮೆ ಕೊಟ್ಟು ಊರಿಗೆ ಹೋಗಿದ್ದರು, ಶಾಲನ್ನು ಮಾಲೀಕರೇ ಹೊದ್ದುಕೊಂಡರು. ಈ ಆಸ್ಪತ್ರೆಯಲ್ಲಿ ನಮ್ಮ ಅಣ್ಣನನ್ನು ಒಂದು ನಿಮಿಷವೂ ಕಾಯಿಸಲಿಲ್ಲ ಎಂದು ಅವನು ಭಾಷಣದಲ್ಲಿ ಹೇಳಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಎದ್ದು ಹೊರಗೆ ಬಂದೆ. ಸನ್ಮಾನದ ಫೋಟೋಗೆ ಕಟ್ಟು ಹಾಕಿಸಿ ಕಾಯುವ ಬೆಂಚಿನ ಮೇಲಿನ ಗೋಡೆಗೆ ತೂಗುಹಾಕಿದರು.

ಕೆಲವು ದಿನಗಳ ನಂತರ ದೇವು ಹೊನ್ನಿಯ ಸಾವಿನ ಯಾವುದೋ ಕಾಗದಕ್ಕೆ ಬಂದಿದ್ದ. ನೋಡಿದರೆ ಆ ಫೋಟೋದ ಕೆಳಗೇ, ಅದೇ ಬೆಂಚಿನ ಅದೇ ತುದಿಯಲ್ಲಿ ಕೂತಿದ್ದಾನೆ. ಯಾವಾಗ ಬಂದನೋ, ಯಾರಿಗೂ ಹೇಳಿರಲಿಲ್ಲ. ನಾನು ಹೋಗಿ ತಡವಾಯಿತೇನೋ ಎಂದೆ. ಅವನು ಎದ್ದು ನಿಂತ.

“ಅಡ್ಡಿಲ್ಲ ಬಾಯೋರೆ. ಈಗೆಂತ ಅವಸರ? ಅವತ್ತು ನೀವು ಭಾಳ ಮಾಡಿರಿ.”

ಅವನ ಮುಖದಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ನನಗೆ ಅಷ್ಟು ದಿನ ನಿದ್ದೆ ಕೆಡುತ್ತಿರಲಿಲ್ಲ.

ಆಮೇಲೆ ನಿವೃತ್ತಿಯಾಗುವವರೆಗೆ ಬೇರೆ ಬೇರೆ ಆಸ್ಪತ್ರೆಗಳಲ್ಲಿ ಕ್ಯಾಶುವಾಲ್ಟಿಯಲ್ಲೇ ದುಡಿದೆ. ಕೂಗುವವರಿಗೆ ಕೂಗುವಷ್ಟು ಉಸಿರಿದೆ ಎಂಬುದು ಆ ಕೆಲಸ ನನಗೆ ಕಲಿಸಿದ ಪಾಠ. ಗಲಾಟೆ ಮಾಡುವವರನ್ನು ದಾಟಿ ನಾನು ಮೊದಲು ಬೆಂಚಿನ ತುದಿಗೆ ಹೋಗುತ್ತಿದ್ದೆ. ಈ ಸಿಸ್ಟರಿಗೆ ಮರ್ಯಾದೆ ಗೊತ್ತಿಲ್ಲ ಎಂಬ ದೂರುಗಳು ನನ್ನ ಮೇಲೆ ಬೇಕಾದಷ್ಟು ಬಂದವು. ನನಗೆ ಯಾರೂ ಶಾಲು ಹೊದಿಸಲಿಲ್ಲ. ಬೈಗುಳಕ್ಕೂ ಬೆದರಿಕೆಗೂ ನಾನು ಜಗ್ಗಿದ್ದಿಲ್ಲ. ಆದರೆ ಆ ಬೆಂಚಿನ ಮೇಲೆ ಯಾರಾದರೂ ಮೆಲ್ಲಗೆ “ಅಡ್ಡಿಲ್ಲ” ಎಂದರೆ, ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ಓಡುತ್ತಿದ್ದೆ.