ಗಿರಣಿಗೆ ಹೋದ ಜೇನು

ಮಾನ್ವಿಯ ಸರ್ಕಾರಿ ಸಸಿತೋಟದಲ್ಲಿ ಗೋಪಮ್ಮ ಹನ್ನೊಂದು ವರ್ಷ ಬುಟ್ಟಿ ಹೊತ್ತಳು, ನೀರು ಹೊತ್ತಳು, ಮೇಸ್ತ್ರಿಯ ಬೈಗುಳವನ್ನೂ ಹೊತ್ತಳು. ಎಂಬತ್ತೊಂದರ ಚಳಿಗಾಲದಲ್ಲಿ ರಾಯಚೂರಿನ ಸಾಹೇಬರು ಎರಡು ಜೇನುಪೆಟ್ಟಿಗೆ ತಂದಿಟ್ಟು, "ಇವು ನಿನ್ನ ಜವಾಬ್ದಾರಿ" ಎಂದರು. ಅವಳ ಕೈಗೆ ಯಾರಾದರೂ ನಂಬಿ ಒಂದು ವಸ್ತು ಒಪ್ಪಿಸಿದ್ದು ಅದೇ ಮೊದಲು. ಕುರ್ಡಿಯ ತವರಿಗೆ ಹೋದರೂ ಅವಳದು ಪೆಟ್ಟಿಗೆಯ ಮಾತೇ.

ಆ ಚಳಿಗಾಲ ಜೋಳ, ಕುಸುಬಿ ಹೂಬಿಟ್ಟಿದ್ದವು. ಹುಳಗಳು ತಮ್ಮ ಹೊಟ್ಟೆ ತಾವೇ ನೋಡಿಕೊಂಡವು. ಆಮೇಲೆ ಬೇವಿನ ಹೂವೂ ಉದುರಿ, ಸುತ್ತಲಿನ ಎರೆಹೊಲ ಬಾಯಿ ಬಿಟ್ಟುಕೊಂಡು ಮಲಗಿತು. ಗೋಪಮ್ಮ ಸಕ್ಕರೆ ನೀರಿಟ್ಟಳು. ಬಟ್ಟಲು ಖಾಲಿಯಾಗುತ್ತಿತ್ತು, ಹುಳಗಳೂ ಕಡಿಮೆಯಾಗುತ್ತಿದ್ದವು. ಇನ್ನಷ್ಟು ಸಕ್ಕರೆ ಹಾಕಿದಳು. ಊಹೂಂ.

ಮೇ ತಿಂಗಳಲ್ಲಿ ಬಂದ ಸಾಹೇಬರು ಪೆಟ್ಟಿಗೆ ತೆರೆದು, ಜೇನು ಕಟ್ಟಿದ ಮೇಣದ ಎರಿ ಎತ್ತಿ ನೋಡಿದರು. "ಒಂದೂ ಮರಿ ಇಲ್ಲಲ್ಲ ಗೋಪಮ್ಮ. ಮುಂದಿನ ತಿಂಗಳ ಕಾರಹುಣ್ಣಿಮೆ ಆದ ಮ್ಯಾಲೆ ಬರ್ತೀನಿ. ಹಿಂಗೇ ಇದ್ರ ಪೆಟ್ಟಿಗಿ ದೇವದುರ್ಗದ ಮಾಲಿಗೆ ಕೊಟ್ಟುಬಿಡ್ತೀನಿ."



ಇದು ಸಾಲದು ಎಂಬಂತೆ ವಾರದಲ್ಲೇ ಹಿಟ್ಟಿನ ಗಿರಣಿಯ ಪೀರಾ ಸಾಬ್ ಜಗಳಕ್ಕೆ ಬಂದ.

"ಗೋಪವ್ವ, ನಿನ್ನ ಹುಳಾ ನನ್ನ ಗಿರಣ್ಯಾಗ ಬಂದು ಕುಂದ್ರಾಕತ್ಯಾವ. ಹೆಣ್ಣುಮಕ್ಕಳು ಡಬ್ಬಿ ಬಿಟ್ಟು ಓಡಾಕತ್ಯಾರ. ನನ್ನ ಧಂದಾ ಮುಚ್ಚಸ್ಬೇಕಂತ ಮಾಡೀಯೇನು?"

"ತಪ್ಪಾತ್ರೀ ಸಾಬ್ರ, ಓಡಸ್ತೀನಿ ನಡೀರಿ" ಎಂದು ಗೋಪಮ್ಮ ಹಸಿ ಬಟ್ಟೆ ಹಿಡಿದು ಹೋದಳು. ಬೀಸಲು ಎತ್ತಿದ ಕೈ ಹಾಗೇ ನಿಂತಿತು. ನೆಲದ ತುಂಬ ಜೋಳದ ಹಿಟ್ಟು ಬಿದ್ದಿದ್ದರೂ ಅದನ್ನು ಒಂದು ಹುಳವೂ ಮೂಸುತ್ತಿರಲಿಲ್ಲ. ಎಲ್ಲವೂ ಕಡಲೆ ಬೀಸುವ ಕಲ್ಲಿನ ಹತ್ತಿರವೇ. ಕಡಲೆ ಹಿಟ್ಟಿನಲ್ಲಿ ಹೊರಳಾಡಿ, ಹಿಂಗಾಲಿಗೆ ಉಂಡೆ ಕಟ್ಟಿಕೊಂಡು ಹಾರುತ್ತಿದ್ದವು. ಚಳಿಗಾಲದಲ್ಲಿ ಹೂವಿನ ಪುಡಿಯನ್ನೂ ಅವು ಹೀಗೆಯೇ ಹೊತ್ತು ತರುತ್ತಿದ್ದವಲ್ಲ! ಮರಿಗೆ ಬೇಕಾದದ್ದು ಆ ಪುಡಿ. ತಾನು ಬಾಣಂತಿಗೆ ಬರೀ ಚಹಾ ಕುಡಿಸಿ, ಕೂಸಿಗೆ ಹಾಲಿಲ್ಲವೆಂದು ಅಳುತ್ತಿದ್ದೆ ಎಂದು ಅವಳಿಗೆ ನಾಚಿಕೆಯಾಯಿತು.

"ಸಾಬ್ರ, ಪಾವ್ ಕಿಲೋ ಪುಠಾಣಿ ಸಣ್ಣಗ ಬೀಸಿ ಕೊಡ್ರಿ."

"ಯಾಕ, ಉಂಡಿ ಮಾಡ್ತೀಯೇನು?"

"ಹೂಂ, ಹುಳಕ್ಕ."

ಪೀರಾ ಸಾಬ್ ಅವಳ ಮುಖವನ್ನೇ ನೋಡುತ್ತ ಹುರಿಗಡಲೆ ಬೀಸಿಕೊಟ್ಟ.

ಆ ಹಿಟ್ಟಿಗೆ ಸಕ್ಕರೆ, ಜೇನು ಬೆರೆಸಿ ಹೂರಣದಷ್ಟು ಮೆತ್ತಗೆ ನಾದಿ, ಎರಿಗಳ ಮೇಲೆ ಇಟ್ಟಳು. ಬಿಸಿಲಿಗೆ ಒಣಗಿದರೆ ಬದಲಿಸಿದಳು. ಪೆಟ್ಟಿಗೆಗೆ ಹಸಿ ಗೋಣಿ ಹೊದಿಸಿದಳು. ದಿನಕ್ಕೆ ನಾಲ್ಕು ಸಲ ಮುಚ್ಚಳ ತೆಗೆದು ನೋಡುವ ಆಸೆಯನ್ನು ಮಾತ್ರ ಬಹಳ ಕಷ್ಟಪಟ್ಟು ತಡೆದುಕೊಂಡಳು.

ಕಾರಹುಣ್ಣಿಮೆ ಕಳೆದು ಸಾಹೇಬರು ಎರಿ ಎತ್ತಿದಾಗ ಗೂಡುಗಳ ತುಂಬ ಬೆಳ್ಳಗಿನ ಮರಿ. "ಏನು ಹಾಕ್ದಿ?" ಎಂದರು. ಹೇಳಿದಳು. ಪೆಟ್ಟಿಗೆ ದೇವದುರ್ಗಕ್ಕೆ ಹೋಗಲಿಲ್ಲ. ಮುಂದಿನ ತಿಂಗಳು ದೇವದುರ್ಗದ ಮಾಲಿ ಅಂಬಣ್ಣನೇ ಕಲಿಯಲು ಮಾನ್ವಿಗೆ ಬಂದ.

"ಬ್ಯಾಸಗ್ಯಾಗ ಸಕ್ಕರಿ ನೀರು ತೆಳ್ಳಗ, ಮಳಿಗಾಲದಾಗ ಗಟ್ಟಿ. ಜ್ವಾಳ ಹೂಬಿಟ್ಟಾಗ ಏನೂ ಇಡಬ್ಯಾಡ, ಸುಮ್ಕ ಕುಂದ್ರು" ಎನ್ನುತ್ತ ಗೋಪಮ್ಮ ಅವನನ್ನು ಮೊದಲು ಗಿರಣಿಗೇ ಕರೆದೊಯ್ದಳು.

"ಈ ವಿದ್ಯಾ ಆಕಿಗೆ ಕಲಿಸಿದಾವ ನಾನು" ಎಂದ ಪೀರಾ ಸಾಬ್, ಮೀಸೆಯ ಹಿಟ್ಟು ಒರೆಸಿಕೊಳ್ಳುತ್ತ. "ಅದೂ ಬೈದು ಕಲಿಸೀನಿ."

ಗೋಪಮ್ಮ ಇಲ್ಲ ಎನ್ನಲಿಲ್ಲ. ಹನ್ನೊಂದು ವರ್ಷದಲ್ಲಿ ಅವಳಿಗೆ ಉಪಯೋಗಕ್ಕೆ ಬಂದ ಬೈಗುಳ ಅದೊಂದೇ.