ದೊಡ್ಡಪ್ಪ ಹುಲಿ ಓಡಿಸಿದರು

ಕಂಡಿತು ಗೆಳೆಯರೇ, ಇವತ್ತು ಬೆಳಿಗ್ಗೆ ಬಂಡೀಪುರದ ಸಫಾರಿಯಲ್ಲಿ ಹುಲಿ ಕಂಡೇಬಿಟ್ಟಿತು. ಜೀಪಿನ ಮುಂದೆಯೇ ದಾರಿಗಿಳಿದು ನಮ್ಮನ್ನು ನೋಡುತ್ತ ನಿಂತಿತು. ವಿಡಿಯೋ ಮಾಡಲು ಮೊಬೈಲ್ ಎತ್ತಿದೆ.

ಪಕ್ಕದಲ್ಲಿ ನಮ್ಮ ದೊಡ್ಡಪ್ಪ. ಪರಶುರಾಂಪುರದ ಬಯಲಲ್ಲಿ ಜೀವಮಾನವೆಲ್ಲ ಕುರಿ ಕಾಯ್ದವರು. ಥಟ್ಟನೆ ಎದ್ದು ಹೆಗಲ ಟವೆಲ್ ಬೀಸಿ, ತೋಳ ಓಡಿಸುವ ಗಂಟಲಲ್ಲಿ "ಹೋಯ್, ಹೋಯ್" ಎಂದು ಕೂಗಿದರು. ಹುಲಿ ಒಂದೇ ನೆಗೆತಕ್ಕೆ ಪೊದೆ ಸೇರಿತು. ನನ್ನ ವಿಡಿಯೋದಲ್ಲಿರುವುದು ಟವೆಲ್ ಮಾತ್ರ.

"ಯಾಕ್ ಯಜಮಾನ್ರೇ ಕೂಗಿದ್ರಿ? ಎಲ್ರೂ ಅದನ್ನ ನೋಡೋಕೇ ಅಲ್ವಾ ಬಂದಿರೋದು?" ಡ್ರೈವರ್ ರೇಗಿದ.

"ನೋಡಿದ್ವಲ್ಲಪ್ಪ. ಇನ್ನೊಂಚೂರು ಬಿಟ್ಟಿದ್ರೆ ಒಂದನ್ನ ಹೊತ್ಕೊಂಡು ಹೋಗ್ತಿತ್ತು" ಅಂದರು ದೊಡ್ಡಪ್ಪ.

ವಾಪಸ್ ಬಂದು ಇಳಿಯುವಾಗ, ಸಂಜೆ ಕುರಿಗಳನ್ನು ರೊಪ್ಪಕ್ಕೆ ಬಿಟ್ಟುಕೊಳ್ಳುವಂತೆ ಪಕ್ಕದಲ್ಲಿ ನಿಂತು ಒಬ್ಬೊಬ್ಬರ ತಲೆ ಮುಟ್ಟಿ ಎಣಿಸಿದರು. "ಒಂದೂ ಕಮ್ಮಿ ಆಗಿಲ್ಲ" ಎಂದರು.

ಡ್ರೈವರನ ತಲೆಯನ್ನೂ ಮುಟ್ಟಿದ್ದರು.