ಮದುವೆ ಕರೆಯಲು ಹೋದ ಸಿಪಿಯು

ಭೀಮನಬೀಡಿನ ಸುಂದ್ರಮ್ಮ ಬೇಗೂರಿನ ಒಂದು ಹೈಸ್ಕೂಲಿನಲ್ಲಿ ಗುತ್ತಿಗೆ ಮೇಲಿದ್ದ ಕಂಪ್ಯೂಟರ್ ಟೀಚರ್. 2007ರ ಆ ವಾರ ಅವಳ ಗುತ್ತಿಗೆಯೇ ತೂಗಾಡುತ್ತಿತ್ತು. ಶನಿವಾರ ಚಾಮರಾಜನಗರದಿಂದ ಬರುವ ಅಧಿಕಾರಿಯ ಮುಂದೆ ಮಕ್ಕಳು ಕನ್ನಡದಲ್ಲಿ ಟೈಪ್ ಮಾಡಿ ತೋರಿಸಿದರೆ ಇನ್ನೊಂದು ವರ್ಷ ಕೆಲಸ, ಇಲ್ಲದಿದ್ದರೆ ಮನೆ.

ಶಾಲೆಯ ನಾಲ್ಕು ಕಂಪ್ಯೂಟರುಗಳಲ್ಲಿ ಜೀವವಿದ್ದದ್ದು ಒಂದಕ್ಕೆ. ಆ ಲಿನಕ್ಸ್ ಕಂಪ್ಯೂಟರಿನಲ್ಲಿ ಕನ್ನಡ ಟೈಪಿಂಗ್ ಇರಲಿಲ್ಲ, ಶಾಲೆಯಲ್ಲಿ ಇಂಟರ್ನೆಟ್ಟೂ ಇರಲಿಲ್ಲ. ಸೋಮವಾರ ಸುಂದ್ರಮ್ಮ ಗುಂಡ್ಲುಪೇಟೆಗೆ ಹೋಗಿ, ಉಮೈರನ ಸೈಬರ್ ಸೆಂಟರಿನಲ್ಲಿ ತಂತ್ರಾಂಶವನ್ನು ಪೆನ್‌ಡ್ರೈವಿಗೆ ಇಳಿಸಿಕೊಂಡು ಬಂದಳು. ಹಾಕಿದರೆ ಕಂಪ್ಯೂಟರು, ಇನ್ನೊಂದು ಫೈಲು ಇಲ್ಲದೆ ಆಗದು ಎಂದಿತು. ಮಂಗಳವಾರ ಅದನ್ನು ತಂದಳು. ಅದು ಮತ್ತೊಂದನ್ನು ಕೇಳಿತು. ಬುಧವಾರ ತಂದದ್ದು ಎರಡನ್ನು ಕೇಳಿತು. ಬಸ್ಸಿನ ಕಂಡಕ್ಟರ್ ಅವಳನ್ನು ಕಂಡರೆ ಕೇಳದೆಯೇ ಟಿಕೆಟ್ ಹರಿಯತೊಡಗಿದ.

ಗುರುವಾರ ತಲೆಯ ಮೇಲೆ ಕೈಹೊತ್ತು ಕೂತವಳ ಗೋಳನ್ನು ಜವಾನ ದೊಡ್ಡಬೀರಯ್ಯ ಪೊರಕೆ ಹಿಡಿದುಕೊಂಡೇ ಕೇಳಿಸಿಕೊಂಡ.

“ಮದ್ವೆ ಕರೆಯಕ್ ಓದಂಗಾಯ್ತಲ್ಲ ಮೇಡಮ್ಮೋರೆ. ನಮ್ಮೂರ ಮೂಗಯ್ಯನ್ನ ಕರೆದ್ರೆ ‘ನಮ್ಮಣ್ಣನ್ನ ಕರೆದ್ಯಾ’ ಅಂತಾನೆ. ಅಣ್ಣನ್ ತಾವ್ಕೆ ಓದ್ರೆ ‘ಬೀಗ್ರು ಬಂದ್ರೆ ಬತ್ತೀನಿ’ ಅಂತಾನೆ. ಅದ್ಕೇ ಊರ ಯಜಮಾನ್ರ ಮುಂದ್ ಬುಟ್ಕಂಡ್ ಓಗೋದು. ಯಾರಿಲ್ದೆ ಯಾರ್ ಬರಲ್ಲ ಅಂತ ಅವ್ರಿಗ್ ಗೊತ್ತಿರ್ತದೆ.”

ಸುಂದ್ರಮ್ಮ ಉಮೈರನಿಗೆ ಫೋನ್ ಮಾಡಿ, ಅಂಥ ಯಜಮಾನರು ಕಂಪ್ಯೂಟರಿಗೆ ಇದ್ದಾರೆಯೇ ಎಂದು ಕೇಳಿದಳು.

“ಇದ್ದಾರಲ್ಲ ಮೇಡಂ, ಆಪ್ಟ್-ಗೆಟ್ ಅಂತ. ಒಂದು ಸಾಲು ಟೈಪ್ ಮಾಡಿದ್ರೆ ಬೇಕಾದೋರನ್ನೆಲ್ಲ ಕರ್ಕೊಂಡ್ ಬರ್ತಾರೆ. ಅವ್ರಿಗೆ ಇಂಟರ್ನೆಟ್ ಬೇಕು, ಸಿಪಿಯುನೇ ತಂದ್ಬುಡಿ.”

“ಮೊದ್ಲೇ ಯಾಕ್ ಹೇಳ್ಲಿಲ್ಲ?”

“ದಿನಾ ಬರ್ತಿದ್ರಲ್ಲ. ವ್ಯಾಪಾರ ಯಾಕ್ ಕೆಡ್ಸಲಿ ಅಂತ.”

ಶುಕ್ರವಾರ ಸಿಪಿಯು ಹಳೇ ಸೀರೆ ಸುತ್ತಿಕೊಂಡು, ಸುಂದ್ರಮ್ಮನ ತೊಡೆಯೇರಿ ಬಸ್ಸಿನಲ್ಲಿ ಹೊರಟಿತು. ಪಕ್ಕದ ಅಜ್ಜಿ, “ಕೂಸ್ಗೆ ಉಸಾರಿಲ್ವಾ?” ಎಂದು ವಿಚಾರಿಸಿದಳು. ಹೊರುವುದಕ್ಕೆಂದು ಜೊತೆಗೆ ಬಂದಿದ್ದ ದೊಡ್ಡಬೀರಯ್ಯ, “ಜ್ವರ” ಎಂದ.

ಸೈಬರ್ ಸೆಂಟರಿನಲ್ಲಿ ಉಮೈರ್ ಹೇಳಿದ ಸಾಲನ್ನು ಸುಂದ್ರಮ್ಮ ಟೈಪ್ ಮಾಡಿದಾಗ ಯಜಮಾನರು ಹನ್ನೊಂದು ಫೈಲುಗಳ ಪಟ್ಟಿ ಕೊಟ್ಟರು. ಕೆಳಗೆ ಇನ್ನೊಂದು ಮಾತಿತ್ತು: ಇವರೆಲ್ಲ ಬರಬೇಕಾದರೆ ಕಂಪ್ಯೂಟರಿನಲ್ಲಿರುವ ಇಸ್ಪೀಟಿನ ಆಟ ಎದ್ದುಹೋಗಬೇಕು. ಒಪ್ಪಿಗೆಯೋ, ಇಲ್ಲವೋ?

ಸುಂದ್ರಮ್ಮನ ಬೆರಳು ನಿಂತಿತು. ಆ ಇಸ್ಪೀಟು ಹೆಡ್‌ಮಾಸ್ಟರ್ ಗುರುಮಲ್ಲಯ್ಯನವರದು. ಮಧ್ಯಾಹ್ನದ ಊಟವಾದ ಮೇಲೆ ‘ಲ್ಯಾಬ್ ಪರಿಶೀಲನೆ’ ಎಂದು ಅವರು ಒಂದು ಗಂಟೆ ಆಡುತ್ತಿದ್ದದ್ದು ಅದನ್ನೇ. ಗುತ್ತಿಗೆ ಕಾಗದಕ್ಕೆ ಸಹಿ ಹಾಕಬೇಕಾದವರೂ ಅವರೇ.

“ಒಬ್ರು ಮುನ್ಸ್ಕಂಡ್ರು ಅಂತ ಲಗ್ನ ನಿಲ್ಸಕ್ ಆದದಾ?” ಎಂದ ದೊಡ್ಡಬೀರಯ್ಯ.

ಸುಂದ್ರಮ್ಮ ಒಪ್ಪಿಗೆ ಒತ್ತಿದಳು.

ಶನಿವಾರ ಮಕ್ಕಳು ಅಧಿಕಾರಿಯ ಹೆಸರನ್ನೇ ಟೈಪ್ ಮಾಡಿ ತೋರಿಸಿದರು. ಅಧಿಕಾರಿ ಹಿಗ್ಗಿ, ಅಲ್ಲೇ ಹೆಡ್‌ಮಾಸ್ಟರರಿಂದ ಕಾಗದಕ್ಕೆ ಸಹಿ ಹಾಕಿಸಿದರು.

ಸೋಮವಾರ ಊಟ ಮುಗಿಸಿ ಬಂದ ಗುರುಮಲ್ಲಯ್ಯ ಬಹಳ ಹೊತ್ತು ಮೌಸ್ ಆಡಿಸಿದರು.

“ಇದ್ರಲ್ಲಿ ಏನೋ ಒಂದಿತ್ತಲ್ಲಮ್ಮ.”

“ಏನು ಸರ್?”

ಹತ್ತನೇ ಕ್ಲಾಸಿನ ಮಕ್ಕಳೆಲ್ಲ ತಿರುಗಿ ನೋಡಿದರು.

“ಏನಿಲ್ಲ, ಬುಡು,” ಎಂದು ಗುರುಮಲ್ಲಯ್ಯ ಕೀಬೋರ್ಡ್ ಎಳೆದುಕೊಂಡು, ಒಂದೇ ಬೆರಳಿನಲ್ಲಿ ತಮ್ಮ ಹೆಸರನ್ನು ಹುಡುಕತೊಡಗಿದರು.